ನಡುಮಣೆಯ ಬಿಗಿ: ಹಿಡಿಯುವುದು ಯಾವಾಗ, ಬಿಡುವುದು ಯಾವಾಗ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯ ಮೂರನೆಯ ತಂಡದ ವಿದ್ಯಾರ್ಥಿ. ಆಮೇಲೆ ಗಣಿತ ಮೇಷ್ಟ್ರಾಗಿ ಶಿಕಾರಿಪುರ ಮತ್ತು ಸೊರಬ ಎರಡೂ ತಾಲ್ಲೂಕುಗಳಲ್ಲಿ ಕೆಲಸ ಮಾಡಿದೆ. ಹೋದ ಶಾಲೆಯಲ್ಲೆಲ್ಲ ಪಾಠ ಮುಗಿದ ಮೇಲೆ ಮಕ್ಕಳಿಗೆ ಚದುರಂಗ ಕಲಿಸಿದೆ. ನಿವೃತ್ತಿಯಾದ ಮೇಲೂ ಭಾನುವಾರ ಬೆಳಿಗ್ಗೆ ಆ ಕೆಲಸ ನಡೆದಿದೆ. ಸಮಿತಿಯವರು "ಹದಿನೈದು ನಿಮಿಷ ಏನಾದರೂ ಮಾತನಾಡಿ" ಎಂದರು. ನನಗೆ ಸರಿಯಾಗಿ ಗೊತ್ತಿರುವುದು ಇದೊಂದೇ. ಅದರಲ್ಲೂ ನಮ್ಮ ಮಕ್ಕಳು ಪದೇ ಪದೇ ಎಡವುವ ಒಂದು ಜಾಗದ ಬಗ್ಗೆ ಮಾತ್ರ ಹೇಳುತ್ತೇನೆ. ಆಟ ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ.

ಚದುರಂಗ ಪೇಟೆಯವರ ಆಟ ಎಂದು ನಮ್ಮ ಮಕ್ಕಳು ಭಾವಿಸಿದ್ದಾರೆ. ಹಾಗೇನೂ ಇಲ್ಲ. ಇಲ್ಲಿಂದ ಕೂಗಳತೆಯಲ್ಲಿರುವ ಬಳ್ಳಿಗಾವೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ದೊಡ್ಡ ಪಟ್ಟಣ. ಅದೇ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಚದುರಂಗದ ವಿವರಣೆ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಮಣೆಯ 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಬಂಧಗಳನ್ನು ರಚಿಸಿದರು. ನಮ್ಮ ಕಾಲಕ್ಕೆ ಬಂದರೆ, 2017ರಲ್ಲಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ನಮ್ಮ ಶಿವಮೊಗ್ಗದ ಜಿ.ಎ. ಸ್ಟ್ಯಾನಿ ಕೂಡ ಗ್ರ್ಯಾಂಡ್‌ಮಾಸ್ಟರ್. ಆದ್ದರಿಂದ ಇದು ನಮ್ಮದಲ್ಲದ ಆಟ ಎಂದು ಯಾರೂ ಹಿಂಜರಿಯಬೇಕಿಲ್ಲ.

ಹಿಂದೆ ನಮ್ಮ ಊರಿನ ಜಗಲಿಗಳಲ್ಲಿ ಆಡುತ್ತಿದ್ದ ದೇಸಿ ಕ್ರಮದಲ್ಲಿ ಪದಾತಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಎರಡು ಕಡೆಯ ಪದಾತಿಗಳು ನಡುವೆ ಎದುರುಬದುರಾಗಲು ಹೊತ್ತು ಹಿಡಿಯುತ್ತಿತ್ತು. ಯೂರೋಪಿನವರು 15ನೇ ಶತಮಾನದ ಹೊತ್ತಿಗೆ ಪದಾತಿ ಮೊದಲ ನಡೆಯಲ್ಲಿ ಎರಡು ಮನೆ ಹೋಗಬಹುದು ಎಂಬ ನಿಯಮವನ್ನು ಗಟ್ಟಿ ಮಾಡಿಕೊಂಡರು. ಇಂದು ಶಾಲಾ ಪಂದ್ಯಗಳಲ್ಲಿ ಆಡುವುದು ಆ ಕ್ರಮ. ಹಾಗಾಗಿ ಎರಡನೆಯ ನಡೆಗೇ ನಡುಮಣೆಯಲ್ಲಿ ಪದಾತಿಗಳು ಮುಖಾಮುಖಿಯಾಗುತ್ತವೆ. ಬಿಳಿಯ ಪದಾತಿ ಕಪ್ಪನ್ನು ಹೊಡೆಯಬಹುದು, ಕಪ್ಪು ಬಿಳಿಯನ್ನು ಹೊಡೆಯಬಹುದು, ಆದರೆ ಇನ್ನೂ ಯಾರೂ ಹೊಡೆದಿಲ್ಲ. ಈ ಸ್ಥಿತಿಗೆ ನಾನು 'ಬಿಗಿ' ಎನ್ನುತ್ತೇನೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಎಳೆದು ನಿಂತಾಗ ಹಗ್ಗದಲ್ಲಿರುತ್ತದಲ್ಲ, ಆ ಬಿಗಿ.

ಆಗ ದಾರಿ ಮೂರು. ಹೊಡೆಯಬಹುದು. ಪಕ್ಕದಿಂದ ಮುಂದಕ್ಕೆ ತಳ್ಳಿ ನಡುವನ್ನು ಮುಚ್ಚಬಹುದು. ಇಲ್ಲವೇ ಹಾಗೇ ಬಿಟ್ಟು ಬೇರೆ ಕೆಲಸ ಮಾಡಬಹುದು. ಮೊದಲ ಎರಡು ಬಿಗಿಯನ್ನು ಬಿಡುವ ದಾರಿ, ಮೂರನೆಯದು ಹಿಡಿಯುವ ದಾರಿ.

ನಮ್ಮ ಮಕ್ಕಳು ಹತ್ತರಲ್ಲಿ ಒಂಬತ್ತು ಸಲ ಏನು ಮಾಡುತ್ತಾರೆ? ಹೊಡೆಯುತ್ತಾರೆ. ಏಕೆ ಹೊಡೆದೆ ಎಂದರೆ "ಸಿಕ್ತು ಸಾರ್, ಹೊಡೆದೆ" ಎನ್ನುತ್ತಾರೆ. ಇನ್ನು ಕೆಲವರು "ನಾನು ಹೊಡೆಯದಿದ್ದರೆ ಅವನು ಹೊಡೀತಿದ್ದ ಸಾರ್" ಎನ್ನುತ್ತಾರೆ. ಎರಡೂ ಕಾರಣವಲ್ಲ. ಮೊದಲನೆಯದು ಆಸೆ, ಎರಡನೆಯದು ಭಯ. ತೀರ್ಮಾನವಾಗದೆ ನಿಂತಿರುವುದನ್ನು ನೋಡುತ್ತ ಕೂರುವುದು ಕಷ್ಟ, ಅದಕ್ಕೇ ಮುಗಿಸಿಬಿಡುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಹೋದ ನಮ್ಮ ಮಕ್ಕಳು ಅಲ್ಲಿ ಸೋಲುವುದು ಹೆಚ್ಚಾಗಿ ಬುದ್ಧಿ ಕಡಿಮೆಯಾಗಿ ಅಲ್ಲ, ಈ ಅವಸರದಿಂದ.

ಇದನ್ನು ಎರಡು ಉದಾಹರಣೆಯಿಂದ ತೋರಿಸುತ್ತೇನೆ. ಮಕ್ಕಳೇ, ಮಣೆಯ ಮೇಲೆ ರಾಜನ ಸಾಲು 'ಇ', ಮಂತ್ರಿಯ ಸಾಲು 'ಡಿ' ಎಂಬುದು ನೆನಪಿರಲಿ.

ಮೊದಲನೆಯದು. ಬಿಳಿ ಇ4 ಆಡುತ್ತದೆ, ಕಪ್ಪು ನೇರವಾಗಿ ಡಿ5 ಆಡುತ್ತದೆ. ಇಲ್ಲಿ ಬಿಳಿ ಹೊಡೆದರೆ ಕಪ್ಪಿನ ಮಂತ್ರಿ ಡಿ5ಕ್ಕೆ ಬಂದು ತಿರುಗಿ ಹೊಡೆಯುತ್ತದೆ. ಆಗ ಬಿಳಿಯ ಕುದುರೆ ಸಿ3ಕ್ಕೆ ಬಂದು ಮಂತ್ರಿಯನ್ನು ಗದರಿಸುತ್ತದೆ. ಮಂತ್ರಿ ಮತ್ತೆ ಓಡಬೇಕು. ಬಿಳಿಗೆ ಒಂದು ನಡೆ ಲಾಭ. ಇಲ್ಲಿ ಹೊಡೆದದ್ದು ಸರಿ.

ಎರಡನೆಯದು. ಬಿಳಿ ಇ4, ಕಪ್ಪು ಇ6. ಬಿಳಿ ಡಿ4, ಕಪ್ಪು ಡಿ5. ಇದಕ್ಕೆ ಫ್ರೆಂಚ್ ರಕ್ಷಣೆ ಎಂದು ಹೆಸರು. ಮತ್ತೆ ಅದೇ ಎರಡು ಪದಾತಿ, ಇ4 ಮತ್ತು ಡಿ5. ಆದರೆ ಈಗ ಬಿಳಿ ಹೊಡೆದರೆ ತಿರುಗಿ ಹೊಡೆಯುವುದು ಮಂತ್ರಿಯಲ್ಲ, ಇ6ರಲ್ಲಿದ್ದ ಪದಾತಿ. ಆ ಪದಾತಿ ಅಲ್ಲಿಂದ ಎದ್ದ ಕೂಡಲೇ ಅದರ ಹಿಂದೆ ಸೆರೆಯಾಗಿದ್ದ ಕಪ್ಪಿನ ಒಂಟೆಗೆ ದಾರಿ ತೆರೆಯುತ್ತದೆ. ಫ್ರೆಂಚ್ ಆಡುವವರಿಗೆಲ್ಲ ಆ ಒಂಟೆಯದ್ದೇ ಚಿಂತೆ. ಬಿಳಿ ತಾನಾಗಿಯೇ ಹೋಗಿ ಎದುರಾಳಿಯ ಚಿಂತೆ ಕಳೆದಂತಾಯಿತು.

ಅವೇ ಪದಾತಿಗಳು, ಅದೇ ಹೊಡೆತ, ಆದರೆ ಒಂದು ಕಡೆ ಲಾಭ, ಇನ್ನೊಂದು ಕಡೆ ಎದುರಾಳಿಗೆ ಉಪಕಾರ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಹೊಡೆಯಬಹುದೇ?" ಎಂಬುದಲ್ಲ. "ತಿರುಗಿ ಹೊಡೆಯುವ ಕಾಯಿ ಯಾವುದು, ಹೊಡೆದ ಮೇಲೆ ಅದು ಒಳ್ಳೆಯ ಜಾಗದಲ್ಲಿರುತ್ತದೆಯೇ, ತೆರೆದ ದಾರಿಯಲ್ಲಿ ಮೊದಲು ನಡೆಯುವವರು ಯಾರು?" ಎಂಬುದು.

ನಮ್ಮ ರೈತರಿಗೆ ಇದನ್ನು ಬೇರೆ ರೀತಿ ಹೇಳಬಹುದು. ನಮ್ಮದು ಕೆರೆಗಳ ನಾಡು. ಕೆರೆಯ ತೂಬು ಎತ್ತುವ ಮೊದಲು ಏನು ನೋಡುತ್ತೇವೆ? ನಮ್ಮ ಕಾಲುವೆಯ ಹೂಳು ತೆಗೆದಿದೆಯೇ, ಗದ್ದೆಯ ಬದು ಗಟ್ಟಿಯಿದೆಯೇ, ಅಗೆ ಸಿದ್ಧವಿದೆಯೇ ಎಂದು. ಇದ್ಯಾವುದೂ ಇಲ್ಲದೆ ತೂಬು ಎತ್ತಿದರೆ ನೀರು ಹರಿಯುತ್ತದೆ, ಆದರೆ ಪಕ್ಕದವರ ಗದ್ದೆಗೆ. ನಡುಮಣೆಯ ಪದಾತಿ ಆ ತೂಬಿನ ಹಾಗೆ. ನಮ್ಮ ಆನೆ, ಕುದುರೆ, ಒಂಟೆಗಳು ಮನೆಯಲ್ಲೇ ಮಲಗಿರುವಾಗ ಅದನ್ನು ಎತ್ತಬಾರದು. ನಮ್ಮ ರಾಜ ಇನ್ನೂ ನಡುವೆಯೇ ನಿಂತಿದ್ದರಂತೂ ಎತ್ತಲೇಬಾರದು. ಎದುರಾಳಿಯ ರಾಜ ನಡುವೆ ಸಿಕ್ಕಿಕೊಂಡಿದ್ದು ನಮ್ಮ ಕಾಯಿಗಳೆಲ್ಲ ಹೊರಬಂದಿದ್ದರೆ ಒಂದು ಕ್ಷಣವೂ ತಡಮಾಡಬಾರದು.

ಹಾಗಾದರೆ ಯಾವಾಗಲೂ ಕಾಯುತ್ತಲೇ ಇರಬೇಕೇ? ಅದೂ ಅಲ್ಲ. ಹಿಡಿಯುವುದಕ್ಕೆ ಬಲ ಬೇಕು. ನಮ್ಮ ಮಕ್ಕಳೆಲ್ಲ ಆಡುವ ಇಟಾಲಿಯನ್ ಆಟ ತೆಗೆದುಕೊಳ್ಳಿ. ಇ4, ಇ5, ಎರಡು ಕಡೆಯ ಕುದುರೆಗಳು ಬಂದವು, ಬಿಳಿಯ ಒಂಟೆ ಸಿ4ಕ್ಕೆ, ಕಪ್ಪಿನ ಒಂಟೆ ಸಿ5ಕ್ಕೆ. ಆಮೇಲೆ ಬಿಳಿ ಸಿ3 ಆಡಿ, ಮುಂದೆ ಡಿ4 ತಳ್ಳುತ್ತೇನೆ ಎಂದು ಹೆದರಿಸುತ್ತದೆ. ಕಪ್ಪು ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದಿದ್ದರೆ, ಡಿ4 ಬಂದಾಗ ಹೊಡೆಯದೆ ವಿಧಿಯಿಲ್ಲ. ಆ ಪದಾತಿ ಒಂಟೆಯನ್ನೂ ಇ5ನ್ನೂ ಒಟ್ಟಿಗೆ ಕುಟುಕುತ್ತದೆ. ಅದೇ ಕಪ್ಪು ಮೊದಲೇ ಮಂತ್ರಿಯನ್ನು ಇ7ರಲ್ಲಿ ಇಟ್ಟಿದ್ದರೆ, ಡಿ4 ಬಂದಾಗ ಒಂಟೆಯನ್ನು ಸುಮ್ಮನೆ ಬಿ6ಕ್ಕೆ ಸರಿಸಿ ಇ5ನ್ನು ಹಿಡಿದುಕೊಳ್ಳಬಹುದು. ಕುದುರೆ ಮತ್ತು ಮಂತ್ರಿ ಎರಡೂ ಇ5ಕ್ಕೆ ಬೆನ್ನಾಗಿವೆ. ಬಿಳಿ ತಾಳ್ಮೆಗೆಟ್ಟು ಡಿ5ಕ್ಕೆ ತಳ್ಳಿದರೆ ಬಿ6ರ ಒಂಟೆಗೆ ಬಿಳಿಯ ರಾಜನ ಪಕ್ಕದ ಎಫ್2ರವರೆಗೂ ದಾರಿ ತೆರೆಯುತ್ತದೆ. ಹಿಡಿಯಬೇಕೆನ್ನುವವರು ಬಿಗಿ ಬರುವ ಮೊದಲೇ ಬೆನ್ನಿಗೆ ಬಲ ಇಟ್ಟುಕೊಂಡಿರಬೇಕು ಎಂಬುದು ಇದರ ಅರ್ಥ.

ಕಾಯುವುದರಲ್ಲೂ ಲೆಕ್ಕವಿದೆ. ಇದಕ್ಕೆ ಮಂತ್ರಿಯ ಗ್ಯಾಂಬಿಟ್ ಒಳ್ಳೆಯ ಪಾಠ. ಬಿಳಿ ಡಿ4, ಕಪ್ಪು ಡಿ5, ಬಿಳಿ ಸಿ4, ಕಪ್ಪು ಇ6. ಈಗ ಸಿ4 ಮತ್ತು ಡಿ5 ಎದುರುಬದುರು. ಕಪ್ಪು ಒಂದಲ್ಲ ಒಂದು ದಿನ ಸಿ4ನ್ನು ಹೊಡೆಯುವುದೇ. ಬಿಳಿಯ ಒಂಟೆ ಅದನ್ನು ತಿರುಗಿ ಹೊಡೆಯುವುದೇ. ಜಗಳವಿರುವುದು ಸಮಯದಲ್ಲಿ. ಒಂಟೆ ಇನ್ನೂ ಮನೆಯಲ್ಲಿರುವಾಗ ಕಪ್ಪು ಹೊಡೆದರೆ ಒಂಟೆ ಒಂದೇ ನಡೆಯಲ್ಲಿ ಸಿ4ಕ್ಕೆ ಬರುತ್ತದೆ. ಒಂಟೆ ಮೊದಲು ಡಿ3ಕ್ಕೆ ಬಂದ ಮೇಲೆ ಹೊಡೆದರೆ ಅದು ಸಿ4ಕ್ಕೆ ಬರಲು ಎರಡು ನಡೆ ವ್ಯಯವಾಗುತ್ತದೆ. ಆದ್ದರಿಂದ ಬಿಳಿ ಒಂಟೆಯನ್ನು ಎತ್ತದೆ ಆನೆಯನ್ನು ಸಿ1ಕ್ಕೆ, ಮಂತ್ರಿಯನ್ನು ಸಿ2ಕ್ಕೆ ತರುತ್ತ ಕಾಯುತ್ತದೆ. ಕಪ್ಪು ರಾಜನನ್ನು ಕೋಟೆಗೆ ಸೇರಿಸುತ್ತ, ಕುದುರೆ ತರುತ್ತ, ಆನೆಯನ್ನು ಸರಿಸುತ್ತ ಕಾಯುತ್ತದೆ. ಯಾರ ಹತ್ತಿರ ಉಪಯೋಗದ ನಡೆಗಳು ಮೊದಲು ಮುಗಿಯುತ್ತವೋ ಅವರು ಸೋತಂತೆ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕ್ಯಾಪಬ್ಲಾಂಕಾ ಮತ್ತು ಅಲೆಖಿನ್ ನಡುವೆ ನಡೆದ ವಿಶ್ವ ಪಂದ್ಯದ 34 ಆಟಗಳಲ್ಲಿ 32 ಈ ಮಂತ್ರಿಯ ಗ್ಯಾಂಬಿಟ್ಟೇ. ಜಗತ್ತಿನ ಇಬ್ಬರು ದೊಡ್ಡ ಆಟಗಾರರು ಒಂದು ನಡೆಯ ಉಳಿತಾಯಕ್ಕಾಗಿ ತಿಂಗಳುಗಟ್ಟಲೆ ಕಾದಾಡಿದರು.

ಅದೇ ಪಂದ್ಯದ ಮೊದಲ ಆಟ ಮಾತ್ರ ಫ್ರೆಂಚ್. ಬಿಳಿ ಆಡಿದ ಕ್ಯಾಪಬ್ಲಾಂಕಾ ನಾಲ್ಕನೆಯ ನಡೆಯಲ್ಲಿ ಡಿ5ನ್ನು ಹೊಡೆದು ಬಿಗಿ ಬಿಟ್ಟರು. ಅಲೆಖಿನ್ನರ ಸೆರೆಯಲ್ಲಿದ್ದ ಒಂಟೆ ಏಳನೆಯ ನಡೆಗೆ ಎಫ್5ರಲ್ಲಿ ಬಂದು ಕುಳಿತಿತು. ಕ್ಯಾಪಬ್ಲಾಂಕಾ ಆ ಆಟ ಸೋತರು. 97 ವರ್ಷಗಳ ನಂತರ, 2024ರ ನವೆಂಬರಿನಲ್ಲಿ ಸಿಂಗಪುರದಲ್ಲಿ ನಮ್ಮ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ ಆಡಿದ ವಿಶ್ವ ಪಂದ್ಯದ ಮೊದಲ ಆಟವೂ ಫ್ರೆಂಚ್ ಆಯಿತು. ಗುಕೇಶ್ ಹೊಡೆಯಲಿಲ್ಲ, ನಾಲ್ಕನೆಯ ನಡೆಯಲ್ಲಿ ಇ5ಕ್ಕೆ ತಳ್ಳಿ ನಡುವನ್ನು ಮುಚ್ಚಿದರು. ನಡು ಮುಚ್ಚಿದ ಮೇಲೆ ಕಾಳಗ ಅಂಚುಗಳಿಗೆ ಹೋಗುತ್ತದೆ. ಗುಕೇಶ್ ರಾಜನ ಕಡೆ ಪದಾತಿಗಳನ್ನು ನುಗ್ಗಿಸಿದರು, ಡಿಂಗ್ ಮಂತ್ರಿಯ ಕಡೆಯಿಂದ ಉತ್ತರ ಕೊಟ್ಟರು. ಆ ಆಟವನ್ನೂ ಬಿಳಿಯೇ ಸೋತಿತು.

ಇದರಿಂದ ಹೊಡೆದರೂ ಸೋಲು, ತಳ್ಳಿದರೂ ಸೋಲು ಎಂದು ಮಕ್ಕಳು ತಿಳಿಯಬಾರದು. ಕ್ಯಾಪಬ್ಲಾಂಕಾ ಸೋತದ್ದು ನಾಲ್ಕನೆಯ ನಡೆಯಿಂದಲ್ಲ, 16ನೆಯ ನಡೆಯಲ್ಲಿ ಸಿ2ರ ಪದಾತಿಯನ್ನು ಕಳೆದುಕೊಂಡಿದ್ದರಿಂದ. ಗುಕೇಶ್ ಮೊದಲ ಆಟ ಸೋತರೂ 14 ಆಟಗಳ ಪಂದ್ಯವನ್ನು ಏಳೂವರೆ-ಆರೂವರೆಯಿಂದ ಗೆದ್ದು 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಬಿಗಿ ಬಿಟ್ಟ ಕ್ಷಣಕ್ಕೆ ಆಟ ಮುಗಿಯುವುದಿಲ್ಲ. ಆದರೆ ಮುಂದಿನ ಆಟ ಯಾವ ರೀತಿಯದು ಎಂಬುದು ಆ ಕ್ಷಣಕ್ಕೆ ನಿಶ್ಚಯವಾಗುತ್ತದೆ. ಹೊಡೆದರೆ ತೆರೆದ ಬಯಲು, ತಳ್ಳಿದರೆ ಮುಚ್ಚಿದ ಕೋಟೆ. ಎರಡರಲ್ಲಿ ಯಾವುದಕ್ಕೆ ನಮ್ಮ ಕಾಯಿಗಳು ಸಿದ್ಧವಿವೆ ಎಂದು ನೋಡಿ ಬಿಡಬೇಕು.

ಇನ್ನೊಂದು ಮಾತು. ಚದುರಂಗದಲ್ಲಿ ಹಿಂದಕ್ಕೆ ಬರಲಾರದ ಕಾಯಿ ಪದಾತಿ ಒಂದೇ. ಕುದುರೆಯನ್ನು ತಪ್ಪು ಜಾಗದಲ್ಲಿಟ್ಟರೆ ವಾಪಸ್ ತರಬಹುದು. ಪದಾತಿಯನ್ನು ತರಲಾಗದು. ಸೊರಬದ ಗುಡಿಗಾರರು ಗಂಧದ ಕೊರಡಿನ ಮುಂದೆ ಉಳಿ ಹಿಡಿದು ಕುಳಿತಿರುವುದನ್ನು ನೋಡಿದವರಿಗೆ ಇದು ಗೊತ್ತು. ಒಮ್ಮೆ ಚಕ್ಕೆ ಎದ್ದರೆ ಮತ್ತೆ ಅಂಟುವುದಿಲ್ಲ. ಹಾಗೆಂದು ಅವರು ಉಳಿ ಹಾಕದೆ ಕೂರುವುದಿಲ್ಲ. ಎಲ್ಲಿ ಹಾಕಬೇಕೆಂದು ಗೆರೆ ಎಳೆದುಕೊಂಡೇ ಹಾಕುತ್ತಾರೆ.

ನಾನು ಮಕ್ಕಳಿಗೆ ಮೂರು ಪ್ರಶ್ನೆ ಕಲಿಸುತ್ತೇನೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸುತ್ತೇನೆ.

ಒಂದು: ನಾನು ಹೊಡೆದರೆ ಅವರ ಯಾವ ಕಾಯಿಗೆ ಅನುಕೂಲ?

ಎರಡು: ನಾನು ಹೊಡೆಯದೆ ಬಿಟ್ಟರೆ, ಅವರು ಹೊಡೆದಾಗ ನನಗೆ ನಷ್ಟವಿದೆಯೇ? ಇಲ್ಲದಿದ್ದರೆ ಭಯವೇಕೆ?

ಮೂರು: ಕಾಯುವಾಗ ಆಡಲು ನನ್ನ ಹತ್ತಿರ ಒಳ್ಳೆಯ ನಡೆ ಇದೆಯೇ?

ಮೂರನೆಯದಕ್ಕೆ ಉತ್ತರ "ಇಲ್ಲ" ಎಂದು ಬಂದ ದಿನ, ಬಿಡುವ ಸಮಯ ಬಂದಿತು ಎಂದೇ ಅರ್ಥ. ಸುಮ್ಮನೆ ಕೂರುವುದು ತಾಳ್ಮೆಯಲ್ಲ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಈ ಮೂರು ಪ್ರಶ್ನೆ ಹಿಡಿದು ಜಿಲ್ಲಾ ಮಟ್ಟಕ್ಕೆ ಹೋದಳು. ಹೆಸರು ಬೇಡ, ಅವಳಿಗೆ ಸಂಕೋಚ. ಎದುರಿಗಿದ್ದವಳು ವರ್ಷಗಳಿಂದ ತರಬೇತಿ ಪಡೆದ ಪೇಟೆಯ ಆಟಗಾರ್ತಿ. ನಾನು ಹೇಳಿದ ಮಂತ್ರಿಯ ಗ್ಯಾಂಬಿಟ್ಟೇ ಬಂತು, ನಮ್ಮ ಹುಡುಗಿಗೆ ಕಪ್ಪು. ಅವಳು ಸಿ4ನ್ನು ಮುಟ್ಟಲಿಲ್ಲ. ಕೋಟೆ ಕಟ್ಟಿದಳು, ಕುದುರೆ ತಂದಳು, ಸಿ6 ಆಡಿದಳು, ಆನೆಯನ್ನು ಇ8ಕ್ಕೆ ಇಟ್ಟಳು. ಎದುರಿನವಳಿಗೆ ಬೇರೆ ನಡೆ ಕಾಣದೆ ಒಂಟೆಯನ್ನು ಡಿ3ಕ್ಕೆ ತಂದಳು. ಮರುನಡೆಗೆ ಇವಳು ಹೊಡೆದಳು. ಆಟ ಸಮವಾಯಿತು. ಅರ್ಧ ಅಂಕ. ಪತ್ರಿಕೆಯಲ್ಲಿ ಬರುವಂಥ ಸುದ್ದಿಯೇನಲ್ಲ. ಆದರೆ ನಾನು ಕಲಿಸಿದ ಮಕ್ಕಳಲ್ಲಿ ಜಿಲ್ಲಾ ಮಟ್ಟದಲ್ಲಿ ಅಂಥ ಎದುರಾಳಿಯ ಮುಂದೆ ಅವಸರಪಡದೆ ಕುಳಿತ ಮೊದಲಿಗಳು ಅವಳು.

ಮರುವರ್ಷ ಅವಳು ಎಸ್.ಎಸ್.ಎಲ್.ಸಿ. ಬರೆದಳು. ಮನೆಯಲ್ಲಿ ಓದು ಸಾಕು ಎಂಬ ಮಾತು ಬಂತು. ಕಾಲೇಜು ದೂರ, ಬಸ್ಸು ಸರಿಯಿಲ್ಲ, ಮನೆಯಲ್ಲಿ ಕೆಲಸಕ್ಕೆ ಜನವಿಲ್ಲ. ತಂದೆಯ ಕಷ್ಟ ಸುಳ್ಳಲ್ಲ. ಅವಳು ಜಗಳವಾಡಲಿಲ್ಲ, ಒಪ್ಪಲೂ ಇಲ್ಲ. "ಫಲಿತಾಂಶ ಬರೋವರೆಗೆ ಏನೂ ತೀರ್ಮಾನ ಮಾಡಬೇಡಿ ಅಪ್ಪ" ಎಂದಷ್ಟೇ ಕೇಳಿದಳು. ಆ ದಿನಗಳಲ್ಲಿ ಸುಮ್ಮನೆ ಕೂರಲಿಲ್ಲ. ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯಕ್ಕೆ ಏನೇನು ಕಾಗದ ಬೇಕು ಎಂದು ತಿಳಿದುಕೊಂಡಳು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿಕೊಂಡಳು. ಫಲಿತಾಂಶ ಬಂದಾಗ ಬಸ್ಸಿನ ಪ್ರಶ್ನೆ, ಖರ್ಚಿನ ಪ್ರಶ್ನೆ ಎರಡಕ್ಕೂ ಅವಳ ಹತ್ತಿರ ಉತ್ತರವಿತ್ತು. ತಂದೆ ಒಪ್ಪಿದರು. ಈಗ ಅವಳು ಪದವಿ ಓದುತ್ತಿದ್ದಾಳೆ.

ಚದುರಂಗ ಕಲಿತದ್ದರಿಂದಲೇ ಹೀಗಾಯಿತು ಎಂದು ನಾನು ಹೇಳುವುದಿಲ್ಲ. ಆ ಗಟ್ಟಿತನ ಅವಳದ್ದೇ. ಆದರೆ ಇಲ್ಲಿ ಕುಳಿತಿರುವ ತಂದೆ ತಾಯಂದಿರಲ್ಲಿ ನನ್ನದೊಂದು ಮನವಿ. ಹತ್ತನೆಯ ತರಗತಿ ಮುಗಿದ ಮಗುವಿನ ವಿಷಯದಲ್ಲಿ ಮನೆಯಲ್ಲಿ ಒಂದು ಬಿಗಿ ಹುಟ್ಟುತ್ತದೆ. ಅದನ್ನು ಸಹಿಸಲಾರದೆ ಒಂದೇ ರಾತ್ರಿಯಲ್ಲಿ ಮುಗಿಸಿಬಿಡಬೇಡಿ. ಅದು ಪದಾತಿಯ ನಡೆ, ಹಿಂದಕ್ಕೆ ಬರುವುದಿಲ್ಲ. ಒಂದು ತಿಂಗಳು ಹಿಡಿಯಿರಿ. ಆ ತಿಂಗಳಲ್ಲಿ ಮೇಷ್ಟ್ರನ್ನು ಕೇಳಿ, ವಿದ್ಯಾರ್ಥಿನಿಲಯ ನೋಡಿ, ವಿದ್ಯಾರ್ಥಿವೇತನದ ಅರ್ಜಿ ಹಾಕಿ. ಆಮೇಲೆ ತೀರ್ಮಾನ ಮಾಡಿ.

ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಮನವಿ. ಸುವರ್ಣ ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣದಲ್ಲಿ ಕಪ್ಪು-ಪದಕಗಳ ಬದಲು ಎಂಟು ಚದುರಂಗದ ಮಣೆ, ನಾಲ್ಕು ಗಡಿಯಾರ ಕೊಡಿಸಿ. ಎಂಟು ಮಣೆಯಿದ್ದರೆ ಹದಿನಾರು ಮಕ್ಕಳು ಒಟ್ಟಿಗೆ ಕೂರಬಹುದು. ಗಡಿಯಾರವಿಲ್ಲದೆ ಅಭ್ಯಾಸ ಮಾಡಿದ ಮಕ್ಕಳು ಜಿಲ್ಲಾ ಮಟ್ಟದಲ್ಲಿ ಅದನ್ನು ನೋಡಿಯೇ ಗಾಬರಿಯಾಗುತ್ತಾರೆ, ಅವಸರಕ್ಕೆ ಅದೂ ಒಂದು ಕಾರಣ. ಶನಿವಾರ ಮಧ್ಯಾಹ್ನ ಒಂದು ಕೊಠಡಿಯ ಬೀಗದ ಕೈ ಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಕಲಿಸಲು ನಾನು ಬರುತ್ತೇನೆ. ನನ್ನ ಜೊತೆಗೆ ಇನ್ನಿಬ್ಬರು ಬಂದರೆ ಆನವಟ್ಟಿ, ಶಿರಾಳಕೊಪ್ಪ ಕಡೆಯ ಶಾಲೆಗಳ ಮಕ್ಕಳನ್ನೂ ಕರೆದು ತಿಂಗಳಿಗೊಮ್ಮೆ ಸ್ನೇಹದ ಪಂದ್ಯ ಆಡಿಸಬಹುದು. ಒಂದೇ ಶಾಲೆಯವರು ತಮ್ಮತಮ್ಮಲ್ಲೇ ಆಡುತ್ತಿದ್ದರೆ ಒಬ್ಬರ ಅವಸರ ಇನ್ನೊಬ್ಬರಿಗೆ ಅಂಟುತ್ತದೆ.

ಮಕ್ಕಳೇ, ನಿಮಗೆ ಕೊನೆಯ ಮಾತು. ಮುಂದಿನ ಸಲ ನಡುಮಣೆಯಲ್ಲಿ ಎರಡು ಪದಾತಿಗಳು ಎದುರಾದಾಗ ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮೂರು ಪ್ರಶ್ನೆ ಕೇಳಿಕೊಳ್ಳಿ. ಉತ್ತರ ಸಿಕ್ಕಿದ ಮೇಲೆ ಧೈರ್ಯವಾಗಿ ಹೊಡೆಯಿರಿ, ಇಲ್ಲವೇ ತಳ್ಳಿ, ಇಲ್ಲವೇ ಹಿಡಿಯಿರಿ. ಮೂರರಲ್ಲಿ ಯಾವುದಾದರೂ ಸರಿ, ಏಕೆ ಎಂದು ನಾನು ಕೇಳಿದಾಗ "ಸಿಕ್ತು ಸಾರ್" ಎನ್ನದಿದ್ದರೆ ಸಾಕು.

 ನಮ್ಮ ಶಾಲೆ ನೂರು ವರ್ಷ ಬಾಳಲಿ.